ಅರವತ್ತರಲ್ಲಿ ಇಪ್ಪತ್ತು ಕಳೆದರೆ

ಆ ಸೋಮವಾರ ಬೆಳಗಿನಿಂದ ಮಧ್ಯಾಹ್ನದೊಳಗೆ ನಮ್ಮ ಚಾನೆಲ್ಲಿನಲ್ಲಿ ನಾನು ನಲವತ್ತೊಂದು ಸಲ "ಅರವತ್ತು" ಅಂದೆ. ಎಣಿಸಿದವನೂ ನಾನೇ. ಅದೇ ತುಣುಕು, ಅದೇ ನೀಲಿ ಕೋಟು, ಅದೇ ಹಲ್ಲು. "ಗುರುವಾರ ಮಧ್ಯಾಹ್ನದ ಮೇಲೆ ಗುಡ್ಡದ ಕಡೆ ಮಳೆಯ ಸಾಧ್ಯತೆ ಶೇಕಡಾ ಅರವತ್ತು." ಕೆಳಗೆ ಕೆಂಪು ಪಟ್ಟಿ: "ನಾವು ಹೇಳಿದ್ದೆವು. ಅವರು ಕೇಳಲಿಲ್ಲ."

ಅವರು ಅಂದರೆ ನನ್ನ ತಂಗಿ.

ಸಂಪಾದಕ ಬಂದು ಹೆಗಲು ತಟ್ಟಿದ. ಬೆನ್ನ ಹಿಂದೆ ನಾವೆಲ್ಲ ಅವನನ್ನು ಬ್ರೇಕಿಂಗು ಅನ್ನುತ್ತಿದ್ದೆವು. ಕೆಂಪು ಪಟ್ಟಿಗಳನ್ನು ಬರೆದು ಬರೆದು ಅವನ ಮಾತೂ ಪಟ್ಟಿಯ ಅಳತೆಗೆ ಕತ್ತರಿಸಿಹೋಗಿತ್ತು. ಟೀ ಬೇಕಾದರೂ "ಟೀ. ಬಿಸಿ. ಈಗಲೇ" ಅನ್ನುವ ಆಸಾಮಿ.

"ಛತ್ರಿಗಳೇ," ಅಂದ. "ಅರವತ್ತು. ಕರಾರುವಾಕ್ಕು. ಅಭಿನಂದನೆ."

"ಆ ಹೆಡ್‌ಮಿಸ್ಟ್ರೆಸ್ ನನ್ನ ತಂಗಿ, ಸಾರ್."

ಅಯ್ಯೋ ಪಾಪ ಅನ್ನುತ್ತಾನೇನೋ ಅಂದುಕೊಂಡೆ. ಅವನ ಕಣ್ಣು ಬೇರೆಯದೇ ಲೆಕ್ಕದಲ್ಲಿತ್ತು.

"ಸ್ವಂತ ತಂಗಿ?" ಅಂದ. "ಅಣ್ಣ ಎಚ್ಚರಿಸಿದ. ತಂಗಿ ಕೇಳಲಿಲ್ಲ." ಗಾಳಿಯಲ್ಲೇ ಪಟ್ಟಿ ಬರೆದ, ಬೆರಳಿನಿಂದ.

ನನಗೆ ಮೈಯೆಲ್ಲ ಉರಿಯಿತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಒಂದೇ ಸಲ ಬಾಯಿ ಬಿಟ್ಟವನಿಗೆ ಒಂದೇ ಬೆಳಗ್ಗೆ ನಾಲಿಗೆ ಮೊಳೆಯುವುದಿಲ್ಲ.

ನಾನು ಓದಿದ್ದು ಭೌತಶಾಸ್ತ್ರ. ಮೋಡದೊಳಗೆ ಒಂದು ಹನಿ ಹೇಗೆ ಇನ್ನೊಂದು ಹನಿಯನ್ನು ನುಂಗಿ ದಪ್ಪವಾಗುತ್ತದೆ ಅನ್ನುವುದರ ಮೇಲೆ ಎರಡು ವರ್ಷ ಲೆಕ್ಕ ಹಾಕಿ ಎಂ.ಎಸ್ಸಿ. ಮಾಡಿದೆ. ಆದರೆ ಕಾಲೇಜಿನಲ್ಲಿ ಯಾರೂ ನನ್ನನ್ನು ಹನಿಗಾಗಿ ನೆನಪಿಟ್ಟುಕೊಂಡಿಲ್ಲ, ದನಿಗಾಗಿ ಇಟ್ಟುಕೊಂಡಿದ್ದಾರೆ. ಪ್ರಿನ್ಸಿಪಾಲರ ಮೂಗುದನಿಯಲ್ಲಿ ಆಫೀಸಿಗೆ ಫೋನು ಮಾಡಿ ಮಧ್ಯಾಹ್ನದಿಂದ ರಜೆ ಘೋಷಿಸಿದವನು ನಾನು. ಸಿಕ್ಕಿಬಿದ್ದಾಗ ಪ್ರಿನ್ಸಿಪಾಲರು ಬೈದರು. ಆ ಬೈಗುಳವನ್ನೂ ಸಂಜೆ ಹಾಸ್ಟೆಲಿನಲ್ಲಿ ಅವರದೇ ದನಿಯಲ್ಲಿ ಒಪ್ಪಿಸಿದೆ.

ಆಮೇಲೆ ಹವಾಮಾನ ಕಚೇರಿಯಲ್ಲಿ ಆರು ವರ್ಷ. ಬೆಳಗ್ಗೆ ಒಂದು, ಸಂಜೆ ಒಂದು ಬಲೂನು ಮೇಲಕ್ಕೆ ಬಿಡುವುದು, ಅದರ ಹೊಟ್ಟೆಗೆ ಕಟ್ಟಿದ ಡಬ್ಬಿ ಕಳಿಸಿದ ಅಂಕಿಗಳನ್ನು ಬರೆದುಕೊಳ್ಳುವುದು. ಅಲ್ಲಿ ಬಲೂನು ಬಿಡುತ್ತಿದ್ದೆ. ಟೀವಿಗೆ ಬಂದ ಮೇಲೆ ಬುರುಡೆ.

ಟೀವಿಯ ಸಂದರ್ಶನದಲ್ಲಿ ಯಾರೂ ಮೋಡದ ಬಗ್ಗೆ ಕೇಳಲಿಲ್ಲ. "ಏನಾದ್ರೂ ಮಾಡಿ ತೋರ್ಸಿ" ಅಂದರು. ಗುಡುಗು ಮಾಡಿದೆ. ತಗಡಿನ ಮೇಲೆ ಬೀಳುವ ಮಳೆ, ಕೊಡೆಯ ಮೇಲೆ ಬೀಳುವ ಮಳೆ, ಬೋಳುತಲೆಯ ಮೇಲೆ ಬೀಳುವ ಮಳೆ, ಮೂರನ್ನೂ ಬೇರೆ ಬೇರೆ ಮಾಡಿದೆ. ಅಲ್ಲಿದ್ದ ಬೋಳುತಲೆಯೇ ಕೆಲಸ ಕೊಟ್ಟಿತು. ಅದೇ ಬ್ರೇಕಿಂಗು. "ಮೋಡಕ್ಕಿಂತ ಮೋಡಿ ಮುಖ್ಯ" ಅಂದ. ಆಗ ಅವನು ಇನ್ನೂ ಪೂರ್ತಿ ವಾಕ್ಯ ಮಾತಾಡುತ್ತಿದ್ದ.

ಕಾರ್ಯಕ್ರಮದ ಪ್ರಾಯೋಜಕರು ಒಂದು ಕೊಡೆ ಕಂಪನಿ. ದಿನವೂ ಕೊನೆಗೆ ನಾನು ಒಂದು ಕೊಡೆ ಬಿಚ್ಚಿ ಹೆಗಲ ಮೇಲಿಟ್ಟು ತಿರುಗಿಸಬೇಕು. ಹಾಗೆ ಛತ್ರಿ ಅನ್ನುವ ಹೆಸರು ಬಿತ್ತು. ಬೀದಿಯಲ್ಲಿ ಮಕ್ಕಳು "ಛತ್ರಿ ಮಾಮ" ಅಂದರೆ ನಗುತ್ತಿದ್ದೆ. ಛತ್ರಿ ಅಂದರೆ ನಮ್ಮ ಮಾತಿನಲ್ಲಿ ಇನ್ನೇನು ಅರ್ಥ ಅನ್ನುವುದು ಅವರ ಅಪ್ಪಂದಿರಿಗೆ ಗೊತ್ತಿತ್ತು, ಅವರೂ ನಗುತ್ತಿದ್ದರು.

ನನ್ನ ಹಿಂದೆ ಇದ್ದದ್ದು ಬರೀ ಹಸಿರು ಗೋಡೆ. ನಕ್ಷೆ, ಮೋಡ, ಬಾಣ ಎಲ್ಲ ನೋಡುವವರಿಗೆ ಕಾಣುತ್ತದೆ, ತೋರಿಸುವವನಿಗಲ್ಲ. ಪಕ್ಕದ ಪುಟ್ಟ ಪರದೆಯನ್ನು ಓರೆಗಣ್ಣಿನಲ್ಲಿ ನೋಡುತ್ತ, ಏನೂ ಇಲ್ಲದ ಕಡೆ ಬೆರಳಿಟ್ಟು, ಇಲ್ಲಿ ನೋಡಿ ಅನ್ನಬೇಕು. ಮೊದಲ ತಿಂಗಳು ಮಳೆಯನ್ನೆಲ್ಲ ಸಮುದ್ರಕ್ಕೆ ಸುರಿದೆ. ಆಮೇಲೆ ಕೈ ಪಳಗಿತು. ಇಲ್ಲದ್ದನ್ನು ತೋರಿಸುವುದಕ್ಕೆ ಒಮ್ಮೆ ಕೈ ಪಳಗಿದರೆ ನಾಲಿಗೆ ಪಳಗಲು ಎಷ್ಟು ಹೊತ್ತು.

ಅದು ಮೂರನೆಯ ವರ್ಷ. ಶೇಕಡಾ ಹತ್ತು ಅಂದಿದ್ದೆ, ಬಯಲು ರಂಗಮಂದಿರದ ಪದವಿ ಸಮಾರಂಭದ ಮೇಲೆ ಮಳೆ ಹೊಯ್ದಿತು. ಹತ್ತು ಅಂದರೆ ಇಂಥ ಹತ್ತು ದಿನಗಳಲ್ಲಿ ಒಂದು ದಿನ ಬಂದೇ ಬರುತ್ತದೆ ಅಂತ ಅರ್ಥ. ಆ ಒಂದು ದಿನ ಬಂದಿತ್ತು. ಅದನ್ನು ಯಾರಿಗೆ ಹೇಳುವುದು. ಫೋನುಗಳು ಕಿತ್ತುಹೋಗುವಷ್ಟು ಬೈಗುಳ ಬಂದವು.

"ಇನ್ನು ಮೇಲೆ ಹವಾಮಾನ ಕಚೇರಿಯಿಂದ ಏನೇ ಅಂಕಿ ಬರಲಿ, ಇಪ್ಪತ್ತು ಸೇರಿಸಿ," ಅಂದ ಬ್ರೇಕಿಂಗು. "ಕೊಡೆ ಹಿಡ್ಕೊಂಡು ಹೋಗಿ ಮಳೆ ಬರ್ಲಿಲ್ಲ ಅಂದ್ರೆ ಜನ ನಮ್ಮನ್ನ ಮರೀತಾರೆ. ಕೊಡೆ ಬಿಟ್ಟು ಹೋಗಿ ನೆಂದ್ರೆ ಮರೆಯಲ್ಲ. ಕಂಪನಿಯವರಿಗೂ ಖುಷಿ. ಆದ್ರೆ ನೂರು ದಾಟಿಸ್ಬೇಡಿ, ಯಾರಾದ್ರೂ ಓದಿದವರು ನೋಡ್ತಿರ್ತಾರೆ."

ಹಾಗೆ ಸೊನ್ನೆಗೆ ಇಪ್ಪತ್ತು, ಮೂವತ್ತಕ್ಕೆ ಐವತ್ತು. ನಾನು ಜಗಳವಾಡಿದೆನೇ? ಇಲ್ಲ. ಮನೆಗೆ ಬಂದು ಒಂದು ಉದ್ದ ನೋಟುಪುಸ್ತಕದಲ್ಲಿ ಮೂರು ಗೆರೆ ಎಳೆದೆ. ಬಂದದ್ದು, ಹೇಳಿದ್ದು, ಆದದ್ದು. ದಿನಕ್ಕೊಂದು ಸಾಲು. ಹಾಗೆ ಬರೆದಿಟ್ಟರೆ ನಾನು ಇನ್ನೂ ವಿಜ್ಞಾನಿ ಅನ್ನುವ ಭ್ರಮೆ. ಹವಾಮಾನ ಅನ್ನುವುದರಲ್ಲಿ ಹವಾ ಚಾನೆಲ್ಲಿನದು, ಮಾನ ನನ್ನದು ಅಂತ ಸ್ನೇಹಿತರ ಮುಂದೆ ತಮಾಷೆ ಮಾಡುತ್ತಿದ್ದೆ. ಹೋಗುತ್ತಿದ್ದದ್ದು ಯಾವುದು ಅಂತ ಮಾತ್ರ ಬಿಡಿಸಿ ಹೇಳುತ್ತಿರಲಿಲ್ಲ.

ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು. ಪ್ರಾಥಮಿಕ ಶಾಲೆಯ ಹೆಡ್‌ಮಿಸ್ಟ್ರೆಸ್. ಮುನ್ನೂರು ಮಕ್ಕಳನ್ನು ಹುಬ್ಬಿನಲ್ಲೇ ಸಾಲಾಗಿ ನಿಲ್ಲಿಸುವವಳು. ಆರು ವರ್ಷದ ಹಿಂದೆ ಒಂದು ದಿನ ನಮ್ಮ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿದಳು.

"ಅಣ್ಣ, ನೀನು ನಿನ್ನೆ ಅರವತ್ತು ಅಂದೆ. ನಾನು ಆಟೋಟದ ದಿನ ಮುಂದೂಡ್ದೆ. ಇವತ್ತು ನೋಡು ಹೊರಗೆ, ಹಪ್ಪಳ ಒಣಗಿಸಬಹುದು. ಮಕ್ಕಳು ನನ್ನ ಮುಖ ನೋಡಿ ಅಳ್ತಾ ಇದಾರೆ."

"ನಿಜವಾಗಿ ನಲವತ್ತೇ ಇದ್ದಿದ್ದು," ಅಂದುಬಿಟ್ಟೆ.

"ಹಂಗಂದ್ರೆ?"

ಹೇಳಿದೆ. ಗುಟ್ಟು ಹೇಳುವಾಗ ಬ್ರೇಕಿಂಗುವಿನ ದನಿಯಲ್ಲೇ ಹೇಳಿದೆ, ಅವಳು ನಗಲಿ ಅಂತ. ನಗಲಿಲ್ಲ. ಬೆರಳು ಮಡಚಿ ಲೆಕ್ಕ ಹಾಕಿದಳು.

"ಹಂಗಾದ್ರೆ ನೀನು ಏನೇ ಅಂದ್ರೂ ಇಪ್ಪತ್ತು ಕಳೀಬೇಕು. ಕಳೆದ ಮೇಲೆ ಐವತ್ತು ದಾಟಿದ್ರೆ ಮಕ್ಕಳನ್ನ ಹೊರಗೆ ಕಳಿಸಬಾರದು. ದಾಟದಿದ್ರೆ ಕಳಿಸ್ಬಹುದು. ಸರಿನಾ?"

"ಸರಿ."

"ಬೇರೆಯವರಿಗೂ ಗೊತ್ತಾ ಇದು?"

"ನಿನಗೊಬ್ಬಳಿಗೆ."

ಶಾಲೆಯ ಆಫೀಸಿನ ಬೀರುವಿನ ಬಾಗಿಲಿಗೆ ಒಳಗಡೆಯಿಂದ ಒಂದು ಚೀಟಿ ಅಂಟಿಸಿಕೊಂಡಳು: ಛತ್ರಿ, ಕಳೆ ಇಪ್ಪತ್ತು. ಆರು ವರ್ಷ ಆ ಚೀಟಿ ಒಂದು ದಿನವೂ ಕೈಕೊಡಲಿಲ್ಲ. ಉಳಿದ ಶಾಲೆಗಳು ಬಿಸಿಲಿನಲ್ಲಿ ರಜೆ ಕೊಟ್ಟಾಗ ಇವಳ ಮಕ್ಕಳು ಮೈದಾನದಲ್ಲಿ ಓಡುತ್ತಿದ್ದರು. "ಮೇಡಮ್‌ಗೆ ಆಕಾಶದ ಜೊತೆ ಮಾತುಕತೆ ಇದೆ" ಅಂತ ಪೋಷಕರು ಹೊಗಳುತ್ತಿದ್ದರು.

ಆ ಸೋಮವಾರಕ್ಕೆ ಹಿಂದಿನ ಬುಧವಾರ ಬ್ರೇಕಿಂಗು ನನ್ನ ಕೋಣೆಗೆ ಬಂದ. ಕೊಡೆ ಕಂಪನಿಯವರು ಹೊಸ ಮಾದರಿ ಬಿಡುತ್ತಿದ್ದರು, ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುವಂಥದ್ದು.

"ಮಳೆ. ಈ ವಾರ. ಮೂವತ್ತು ಸೇರಿಸಿ," ಅಂದ.

ಇಪ್ಪತ್ತಕ್ಕೆ ಹತ್ತೊಂಬತ್ತು ವರ್ಷ ತಲೆ ಬಗ್ಗಿಸಿದವನಿಗೆ ಮೂವತ್ತು ಅಂದಾಗ ಸಿಟ್ಟು ನೆತ್ತಿಗೇರಿತು. ಯಾಕೆ ಆಗಲೇ ಏರಿತು, ಮೊದಲು ಯಾಕೆ ಏರಲಿಲ್ಲ, ನನಗೆ ಗೊತ್ತಿಲ್ಲ. ಜಗಳವಾಯಿತು. "ಇವತ್ತಿನಿಂದ ಒಂದೂ ಸೇರಿಸಲ್ಲ, ಏನು ಕಿತ್ಕೋತೀರೋ ಕಿತ್ಕೊಳ್ಳಿ" ಅಂದೆ. ಆರೂ ಐವತ್ತಕ್ಕೆ ಹಸಿರು ಗೋಡೆಯ ಮುಂದೆ ನಿಂತೆ. ಅಂಕಿಗಳು ಅರವತ್ತು ತೋರಿಸುತ್ತಿದ್ದವು. ಅರವತ್ತು ಅಂದೆ.

ಸತ್ಯ ಹೇಳಬೇಕು ಅಂತ ಅಂದದ್ದಲ್ಲ. ಸಿಟ್ಟಿಗೆ ಅಂದದ್ದು. ಅದೇ ಆ ಹತ್ತೊಂಬತ್ತು ವರ್ಷಗಳಲ್ಲಿ ನಾನು ಹೇಳಿದ ಮೊದಲ ನಿಜ.

ಸ್ಟುಡಿಯೋದಿಂದ ಹೊರಗೆ ಬಂದಾಗ ತಂಗಿಗೆ ಒಂದು ಫೋನು ಮಾಡಬೇಕು ಅಂತ ನೆನಪಾಯಿತು. ಮಾಡಲಿಲ್ಲ.

ಅವಳು ಮನೆಯಲ್ಲಿ ಟೀವಿ ನೋಡಿದಳು. ಅರವತ್ತರಲ್ಲಿ ಇಪ್ಪತ್ತು ಕಳೆದಳು. ನಲವತ್ತು. ಐವತ್ತು ದಾಟಲಿಲ್ಲ. ಗುರುವಾರ ಬೆಳಗ್ಗೆ ಐದನೆಯ ತರಗತಿಯ ಮೂವತ್ತೆಂಟು ಮಕ್ಕಳು ಶಾಲೆಯ ಬಸ್ಸಿನಲ್ಲಿ ಗುಡ್ಡದ ತಪ್ಪಲಿನ ಹೊಳೆಯ ಹತ್ತಿರ ಹಕ್ಕಿ ನೋಡಲು ಹೊರಟರು. ನಾನು ಎಂದಿನಂತೆ ಸುಳ್ಳು ಹೇಳಿ ಎಂಬತ್ತು ಅಂದಿದ್ದರೆ ಅವಳ ಲೆಕ್ಕಕ್ಕೆ ಅರವತ್ತು ಬರುತ್ತಿತ್ತು, ಮಕ್ಕಳು ತರಗತಿಯಲ್ಲಿ ಕೂತು ಹಕ್ಕಿಯ ಚಿತ್ರ ಬರೆಯುತ್ತಿದ್ದರು.

ಎರಡೂವರೆಗೆ ಗುಡ್ಡದ ಮೇಲೆ ಸುರಿಯಿತು. ಮೂರಕ್ಕೆಲ್ಲ ಹೊಳೆ ಕಲ್ಲುಗಳನ್ನು ಮುಚ್ಚಿತು. ಆಚೆ ದಡದಲ್ಲಿದ್ದ ಮಕ್ಕಳನ್ನು ಬಸ್ಸಿನ ಡ್ರೈವರು ಒಬ್ಬೊಬ್ಬರನ್ನಾಗಿ ಈಚೆ ದಡಕ್ಕೆ ದಾಟಿಸಿದ. ಕೊನೆಯ ಹುಡುಗಿ ಒಂದು ಬಂಡೆಯ ಮೇಲೆ ಸಿಕ್ಕಿಕೊಂಡಿದ್ದಳು. ಅವಳನ್ನು ಎತ್ತಿ ದಡದಲ್ಲಿದ್ದ ಮೇಷ್ಟರ ಕೈಗೆ ಕೊಟ್ಟ. ಕೊಟ್ಟ ಕೈ ಚಾಚಿದಂತೆಯೇ ಇತ್ತಂತೆ, ಕಾಲಿನ ಕೆಳಗಿನ ಕಲ್ಲು ಹೋಯಿತು. ಶನಿವಾರ ಹೆಣವಾಗಿ ಸಿಕ್ಕ, ಎರಡು ಸೇತುವೆಯಾಚೆ.

ತಂಗಿಯನ್ನು ಅಮಾನತು ಮಾಡಿದರು. "ಅರವತ್ತು ಅಂತ ಟೀವಿಯಲ್ಲಿ ಹೇಳಿದ್ರೂ ಯಾಕೆ ಕಳಿಸಿದ್ರಿ" ಅಂತ ಕೇಳಿದ್ದಕ್ಕೆ, "ನಾನು ನಲವತ್ತು ಅಂದ್ಕೊಂಡೆ" ಅಂದಳು. ಅಷ್ಟೇ. ಯಾಕೆ ಅಂದುಕೊಂಡೆ ಅಂತ ಹೇಳಲಿಲ್ಲ. ಭಾನುವಾರ ಸಂಜೆಯ ಚರ್ಚೆಯಲ್ಲಿ ನಮ್ಮ ನಿರೂಪಕ ಬೆರಳು ಮಡಚುತ್ತ ಅವಳ ದನಿಯಲ್ಲಿ "ನಲವತ್ತು ಅಂದ್ಕೊಂಡೆ" ಅಂದ. ಕೂತವರೆಲ್ಲ ನಕ್ಕರು. ಅಣಕು ಕೆಟ್ಟದಾಗಿತ್ತು. ಅವಳ ದನಿ ಹಾಗಿಲ್ಲ.

ನಲವತ್ತೊಂದು ಅರವತ್ತುಗಳ ಆ ಸೋಮವಾರ ಮಧ್ಯಾಹ್ನವೇ ತಂಗಿಯ ಮನೆಗೆ ಹೋದೆ. ಬಾಗಿಲು ತೆಗೆದದ್ದು ಅವಳ ಗಂಡ.

"ಬನ್ನಿ ಭಾವ, ಬನ್ನಿ," ಅಂದ. "ಟೀವಿಯಿಂದ ಹೊರಗೆ ಬರೋಕೆ ಬಿಡುವಾಯ್ತಾ? ಈಗಷ್ಟೇ ಒಳಗಿದ್ರಿ."

ಅಮ್ಮ ಸೋಫಾದ ಮೇಲೆ ಕೂತಿದ್ದಳು. ಟೀವಿಯ ದನಿ ಅಡಗಿಸಿಟ್ಟಿತ್ತು, ಅದರೊಳಗೆ ನಾನು ಬಾಯಿ ಆಡಿಸುತ್ತಿದ್ದೆ. ತಂಗಿ ಊಟದ ಮೇಜಿನ ಹತ್ತಿರ ಕೂತು ಪೆನ್ಸಿಲುಗಳನ್ನು ಚೂಪು ಮಾಡುತ್ತಿದ್ದಳು, ಶಾಲೆಯ ಡಬ್ಬಿಯವು, ನೂರಾರು. ಮಾಡಲು ಬೇರೆ ಕೆಲಸವಿರಲಿಲ್ಲ.

"ಯಾಕೆ ಹೇಳ್ಲಿಲ್ಲ ನೀನು?" ಅಂದೆ.

"ಏನಂತ ಹೇಳ್ಲಿ? ನಮ್ಮಣ್ಣ ಊರಿಗೆಲ್ಲ ಟೋಪಿ ಹಾಕ್ತಿದ್ದ, ನನಗೊಬ್ಬಳಿಗೆ ಗುಟ್ಟು ಬಿಟ್ಟುಕೊಟ್ಟಿದ್ದ ಅಂತಲಾ?"

"ಹೌದು, ಹಾಗೇ ಹೇಳ್ಬೇಕಿತ್ತು."

"ಆ ಗುಟ್ಟಿನಲ್ಲಿ ಆರು ವರ್ಷ ಮೆರೆದವಳು ನಾನು. ಬೇರೆ ಶಾಲೆಯವರಿಗೆ ಹೇಳಿದ್ನಾ? ಇಲ್ಲ. ಜಾಣೆ ಅನ್ನಿಸ್ಕೊಳ್ಳೋ ಚಪಲ. ಈಗ ಅಣ್ಣನ ಮೇಲೆ ಹಾಕಿ ಕೈ ತೊಳ್ಕೊಳ್ಲಾ?"

ಡಬ್ಬಿಯ ಅಡಿಯಿಂದ ಒಂದು ಹಳದಿಯಾದ ಚೀಟಿ ತೆಗೆದು ಮೇಜಿನ ಮೇಲೆ ಇಟ್ಟಳು. ಛತ್ರಿ, ಕಳೆ ಇಪ್ಪತ್ತು. ನಾಲ್ಕು ಮೂಲೆಗೂ ಬೀರುವಿನ ಬಣ್ಣ ಕಿತ್ತುಕೊಂಡು ಬಂದಿತ್ತು.

"ಅವರು ಬೀರು ಸೀಲ್ ಮಾಡೋ ಮುಂಚೆ ಕಿತ್ಕೊಂಡು ಬಂದೆ," ಅಂದಳು. "ನಿನ್ನ ಹೆಸರಿತ್ತಲ್ಲ."

ಅಮ್ಮ ಟೀವಿಯಿಂದ ಕಣ್ಣು ತೆಗೆಯದೆ ಹೇಳಿದಳು. "ನಾನೇ ಅಂದೆ ಕಣೋ, ಸುಮ್ನಿರು ಅಂತ. ನಿನಗೆ ನಿವೃತ್ತಿಗೆ ಇನ್ನೆರಡು ವರ್ಷ. ಅವಳು ಚಿಕ್ಕವಳು, ಹೆಂಗೋ ಸುಧಾರಿಸ್ಕೋತಾಳೆ. ಇಬ್ಬರೂ ಮುಳುಗೋದು ಯಾಕೆ."

"ಮುಳುಗೋದು" ಅನ್ನುವ ಮಾತು ತನ್ನ ಬಾಯಿಂದ ಬಂದದ್ದು ಅಮ್ಮನಿಗೂ ಗೊತ್ತಾಯಿತು. ರಿಮೋಟು ಹುಡುಕಿ ಟೀವಿ ಆರಿಸಿದಳು.

ನನಗೆ ಅಮ್ಮನ ಮೇಲೆ ಸಿಟ್ಟು ಬಂತು, ಮಗನ ಸಂಬಳವನ್ನೂ ಮಗಳ ಮಾನವನ್ನೂ ತಕ್ಕಡಿಯಲ್ಲಿಟ್ಟಳಲ್ಲ ಅಂತ. ತಂಗಿಯ ಮೇಲೆ ಬಂತು, ತೂಗಿಸಿಕೊಂಡಳಲ್ಲ ಅಂತ. ಅವಳ ಗಂಡನ ಮೇಲೆ ಬಂತು, ಅವನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಹೊರಗೆ ಬಂದು ಬೈಕಿನ ಸೀಟಿಗೆ ಗುದ್ದಿದೆ. ಕೈ ನೋಯಿತು.

ಮರುದಿನ ಬ್ರೇಕಿಂಗು ಒಂದು ಟೈಪಾದ ಹಾಳೆ ಕೊಟ್ಟ. ಬುಧವಾರ ಶಾಲೆಯಲ್ಲಿ ಶಿಕ್ಷಣ ಇಲಾಖೆಯ ವಿಚಾರಣೆ, ಚಾನೆಲ್ಲಿನ ಪರವಾಗಿ ನಾನು ಹೇಳಿಕೆ ಕೊಡಬೇಕು. ಹಾಳೆಯಲ್ಲಿ ನಾಲ್ಕು ಸಾಲು. ನಮ್ಮ ಮುನ್ಸೂಚನೆ ಸದಾ ವೈಜ್ಞಾನಿಕ, ಅರವತ್ತು ಅಂದರೆ ಅರವತ್ತು, ವೀಕ್ಷಕರು ಅದನ್ನು ಹೇಗೆ ಅರ್ಥ ಮಾಡಿಕೊಂಡರು ಅನ್ನುವುದಕ್ಕೆ ಸಂಸ್ಥೆ ಹೊಣೆಯಲ್ಲ.

"ಓದಿ. ಸಹಿ. ಸಂಜೆ ನೇರಪ್ರಸಾರ," ಅಂದ.

"ಆ ಇಪ್ಪತ್ತರ ವಿಷಯ ಕೇಳಿದ್ರೆ?"

"ಯಾವ ಇಪ್ಪತ್ತು?" ಅಂದ. ಅಷ್ಟು ಸಹಜವಾಗಿ ಅಂದ ಅಂದರೆ, ನನಗೇ ಒಂದು ಗಳಿಗೆ ಅನುಮಾನ ಬಂತು. ಮಿಮಿಕ್ರಿ ಮಾಡುವವನು ನಾನು, ನಟ ಅವನು.

ವಿಚಾರಣೆ ಮೂರನೆಯ ತರಗತಿಯ ಕೋಣೆಯಲ್ಲಿ, ಬೆಳಗ್ಗೆ ಹತ್ತಕ್ಕೆ. ಗೋಡೆಯ ಮೇಲೆ ಕಾಗುಣಿತದ ಪಟ, ಕಿಟಕಿಯ ಕಟ್ಟೆಯ ಮೇಲೆ ಮಕ್ಕಳು ಬಾಟಲಿಯಲ್ಲಿ ಬೆಳೆಸಿದ ಹುರುಳಿ. ಮೇಜಿನ ಹಿಂದೆ ವಿಚಾರಣಾಧಿಕಾರಿ, ಐವತ್ತರ ಆಸುಪಾಸಿನ ಹೆಂಗಸು, ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಮತ್ತೆ ಅದನ್ನೇ ಹುಡುಕುವವರು. ಪಕ್ಕದಲ್ಲಿ ಟೈಪು ಮಾಡುವ ಗುಮಾಸ್ತ. ಚಾನೆಲ್ಲಿನ ವಕೀಲ ಮುಂದಿನ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗಿಸಿಕೊಂಡು ಕೂತಿದ್ದ. ತಂಗಿ ಗೋಡೆ ಪಕ್ಕ, ಕೈ ಕಟ್ಟಿಕೊಂಡು. ಕೊನೆಯ ಬೆಂಚಿನಲ್ಲಿ ಇನ್ನೊಬ್ಬ ಹೆಂಗಸು, ಮಡಿಲಲ್ಲಿ ಒಂದು ಬಟ್ಟೆಯ ಚೀಲ. ನಾನು ಅವರನ್ನು ನೋಡಿರಲಿಲ್ಲ. ಆದರೂ ಗೊತ್ತಾಯಿತು.

"ನಿಮ್ಮ ಹೇಳಿಕೆ ಓದಿ," ಅಂದರು ಅಧಿಕಾರಿ.

ಹಾಳೆ ಜೇಬಿನಲ್ಲಿತ್ತು. ಕಂಕುಳಲ್ಲಿ ಉದ್ದ ನೋಟುಪುಸ್ತಕವಿತ್ತು. ತಂಗಿ ಪುಸ್ತಕ ನೋಡಿದಳು, ಬೇಡ ಅಂತ ತಲೆ ಆಡಿಸಿದಳು.

"ಹಲಗೆ ಮೇಲೆ ಬರೀಬಹುದಾ?" ಅಂದೆ.

"ಹಾಳೆಯಲ್ಲಿರೋದನ್ನ ಓದಿದ್ರೆ ಸಾಕು," ಅಂದ ವಕೀಲ.

"ಇದು ಕೋರ್ಟ್ ಅಲ್ಲ, ನೀವು ಸುಮ್ನಿರಿ," ಅಂದರು ಅಧಿಕಾರಿ. ನನ್ನ ಕಡೆ ತಿರುಗಿ, "ಬರೀರಿ."

ಹಸಿರು ಹಲಗೆ. ಇಪ್ಪತ್ತೆರಡು ವರ್ಷ ಹಸಿರಿನ ಮುಂದೆ ನಿಂತವನು ನಾನು, ಅಭ್ಯಾಸಬಲದಿಂದ ಕಣ್ಣು ಪಕ್ಕದ ಪರದೆಗಾಗಿ ಹುಡುಕಾಡಿತು. ಅಲ್ಲಿ ಹುರುಳಿ ಇತ್ತು. ಮೂರು ಗೆರೆ ಎಳೆದೆ. ಬಂದದ್ದು, ಹೇಳಿದ್ದು, ಆದದ್ದು. ಆ ಬುಧವಾರದವರೆಗಿನ ಹದಿನೈದು ದಿನ ಬರೆದೆ. ಹತ್ತು, ಮೂವತ್ತು, ಬಿಸಿಲು. ಸೊನ್ನೆ, ಇಪ್ಪತ್ತು, ಬಿಸಿಲು. ಐವತ್ತು, ಎಪ್ಪತ್ತು, ತುಂತುರು. ಬರೆದದ್ದೆಲ್ಲ ಬರೆದ ಕಡೆಯೇ ಕಂಡಿತು. ಸೀಮೆಸುಣ್ಣ ಎರಡು ಸಲ ಮುರಿಯಿತು.

ಕೊನೆಯ ಸಾಲು: ಅರವತ್ತು, ಅರವತ್ತು.

"ಹತ್ತೊಂಬತ್ತು ವರ್ಷ ಇಪ್ಪತ್ತು ಸೇರಿಸಿ ಹೇಳಿದೀನಿ," ಅಂದೆ. "ಸೇರಿಸಿ ಅಂದವರು ನಮ್ಮ ಸಂಪಾದಕರು. ಸೇರಿಸಿದವನು ನಾನು. ಇವರಿಗೆ ಇಪ್ಪತ್ತು ಕಳಿ ಅಂತ ಹೇಳಿಕೊಟ್ಟವನೂ ನಾನು. ಆ ದಿನ ಮೊದಲ್ನೇ ಸಲ ಸೇರಿಸ್ಲಿಲ್ಲ. ಇವರಿಗೆ ಹೇಳ್ಲಿಲ್ಲ."

ವಕೀಲ ಎದ್ದ. ಬೆಂಚಿನಿಂದ ಮೊಣಕಾಲು ಬಿಡಿಸಿಕೊಳ್ಳಲು ಹೊತ್ತು ಹಿಡಿಯಿತು, ಆಮೇಲೆ ಫೋನು ಕಿವಿಗಿಟ್ಟು ಹೊರಗೆ ಹೋದ. ಅಧಿಕಾರಿ ಹಣೆಯ ಮೇಲಿನ ಕನ್ನಡಕ ಹುಡುಕಿ ಕಣ್ಣಿಗೆ ಇಳಿಸಿ ಹಲಗೆಯನ್ನು ಮೇಲಿನಿಂದ ಕೆಳಗೆ ಓದಿದರು.

"ಅಂದ್ರೆ ಹೆಡ್‌ಮಿಸ್ಟ್ರೆಸ್ ಲೆಕ್ಕ ತಪ್ಪಿಲ್ಲ."

"ಇಲ್ಲ. ಲೆಕ್ಕ ಸರಿ. ನಾನು ಕೊಟ್ಟ ಅಂಕಿ ಆ ದಿನ ಬದಲಾಗಿತ್ತು."

"ಪುಸ್ತಕ ಇಲ್ಲೇ ಇರ್ಲಿ. ಪ್ರತಿ ಪುಟಕ್ಕೂ ಸಹಿ ಹಾಕಿ."

ಸಹಿ ಹಾಕಲು ಕೂತೆ. ಆಗ ತಂಗಿ ಎದ್ದು ಬಂದು ಮೇಜಿನ ಮೇಲೆ ಆ ಹಳದಿ ಚೀಟಿ ಇಟ್ಟಳು. "ಇದನ್ನೂ ಸೇರಿಸ್ಕೊಳ್ಳಿ ಮೇಡಮ್. ಬೀರುವಿನಿಂದ ಕಿತ್ತವಳು ನಾನು." ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಕೃತಜ್ಞತೆಯ ಸುಳಿವೂ ಇರಲಿಲ್ಲ.

"ಒಂದು ಫೋನ್," ಅಂದಳು. "ಅಣ್ಣ ಇವತ್ತು ಕಳೀಬೇಡ ಅಂತ ಒಂದು ಮಾತು. ಯಾಕೆ ಮಾಡ್ಲಿಲ್ಲ?"

ಇಷ್ಟು ದಿನ ನನ್ನನ್ನು ಯಾರೂ ಇದನ್ನು ಕೇಳಿರಲಿಲ್ಲ. ಕೇಳದಿರಲಿ ಅಂತಲೇ ಎಲ್ಲರ ಮೇಲೆ ಸಿಟ್ಟು ಮಾಡಿಕೊಂಡು ತಿರುಗಿದ್ದೆ.

"ಫೋನ್ ಕೈಯಲ್ಲೇ ಇತ್ತು," ಅಂದೆ. "ಮೇಕಪ್ ಒರೆಸ್ತಾ ಇದ್ರು. ಸಂಪಾದಕರ ಜೊತೆ ಜಗಳ ಆಗಿದ್ದು ಎಲ್ಲರಿಗೂ ಗೊತ್ತಾಗಿತ್ತು. ಅವರು ಹೆಂಗೆ ಅಂದ್ರು ಅಂತ ಮಾಡಿ ತೋರ್ಸಿ ಅಂದ್ರು. ಮಾಡ್ದೆ. ನಕ್ರು. ಕ್ಯಾಮೆರಾದವರೂ ಬಂದ್ರು, ಇನ್ನೊಂದ್ಸಲ ಅಂದ್ರು. ಮತ್ತೆ ಮಾಡ್ದೆ. ಆಮೇಲೆ ಮರೆತೆ."

ತಂಗಿ ಹೋಗಿ ಗೋಡೆ ಪಕ್ಕ ಕೂತಳು. ಮುಖ ಕಿಟಕಿಯ ಕಡೆಗಿತ್ತು.

ಕೊನೆಯ ಬೆಂಚಿನಿಂದ ದನಿ ಬಂತು. "ಒಂದ್ನಿಮಿಷ."

ಡ್ರೈವರನ ಹೆಂಡತಿ ಎದ್ದು ನಿಂತಿದ್ದರು. ಹಲಗೆಯ ಕೊನೆಯ ಸಾಲಿಗೆ ಕೈ ತೋರಿಸಿದರು.

"ಆ ದಿನ ನಿಜವಾಗಿ ಎಷ್ಟಿತ್ತು?"

"ಅರವತ್ತು, ಅಮ್ಮ."

"ನೀವು ಹೇಳಿದ್ದು?"

"ಅರವತ್ತು."

"ಅಂದ್ರೆ ಆ ದಿನ ನೀವೂ ಸುಳ್ಳು ಹೇಳಿಲ್ಲ, ಇವರೂ ಲೆಕ್ಕ ತಪ್ಪಿಲ್ಲ. ನಮ್ಮನೆಯವರು ಮಾತ್ರ ಹೋದ್ರು."

ಆಕೆ ಹಲಗೆಯಿಂದ ಕಣ್ಣು ತೆಗೆದು ನನ್ನನ್ನು ನೋಡಿದರು.

"ಅವರಿಗೆ ನೀವಂದ್ರೆ ಇಷ್ಟ," ಅಂದರು. "ನೀವು ಟೀವಿಯಲ್ಲಿ ಗುಡುಗು ಮಾಡ್ತಿದ್ರಲ್ಲ, ಅದನ್ನ ಮಕ್ಕಳಿಗೆ ಬಸ್ಸಲ್ಲಿ ಮಾಡಿ ತೋರಿಸ್ತಿದ್ರಂತೆ. ನಾನು ನಿಮ್ಮ ಕಾರ್ಯಕ್ರಮ ಅಷ್ಟು ನೋಡ್ದವಳಲ್ಲ." ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು. "ಆ ದಿನ ಮೇಕಪ್ ಕೋಣೆಯಲ್ಲಿ ಮಾಡಿದ್ರಲ್ಲ, ಅದನ್ನ ಮಾಡಿ ತೋರ್ಸಿ."

"ಅಮ್ಮ, ಬೇಡ," ಅಂದೆ.

"ಎರಡು ಸಲ ಮಾಡಿದ್ರಂತಲ್ಲ. ಫೋನ್ ಬಿಟ್ಟು ಮಾಡಿದ್ದು ಅದೇನು ಅಂತ ನಾನೂ ನೋಡ್ಬೇಕು. ಮಾಡಿ."

ಅಧಿಕಾರಿಯ ಮುಖ ನೋಡಿದೆ, ತಡೆಯುತ್ತಾರೇನೋ ಅಂತ. ಅವರು ಪೆನ್ನಿನ ಮುಚ್ಚಳ ಹಾಕುತ್ತ ಕೂತಿದ್ದರು. ತಂಗಿ ಕಿಟಕಿಯಿಂದ ತಿರುಗಲಿಲ್ಲ.

ನಿಂತೆ. ಬ್ರೇಕಿಂಗು ಮಾಡಬೇಕಾದರೆ ಗದ್ದ ಒಳಗೆ ಎಳೆದುಕೊಳ್ಳಬೇಕು, ಎಡಹುಬ್ಬು ಎತ್ತಬೇಕು, ಬಲಗೈಯ ತೋರುಬೆರಳಿನಿಂದ ಗಾಳಿಯಲ್ಲಿ ಪಟ್ಟಿ ಎಳೆಯಬೇಕು. ಎಲ್ಲ ಮಾಡಿದೆ. ದನಿ ತಾನಾಗಿ ಬಂತು, ಒಂದು ಕೂದಲೆಳೆಯೂ ತಪ್ಪಲಿಲ್ಲ.

"ಮಳೆ. ಈ ವಾರ. ಮೂವತ್ತು ಸೇರಿಸಿ."

ಗುಮಾಸ್ತನ ಬೆರಳುಗಳು ಟಕಟಕ ಅಂದವು. ಅದನ್ನೂ ಬರೆದುಕೊಂಡ.

ಆಕೆ ಕಾದರು, ಇನ್ನೂ ಏನಾದರೂ ಇದೆಯೇನೋ ಅಂತ.

"ಇಷ್ಟೇನಾ?" ಅಂದರು.

"ಇಷ್ಟೇ," ಅಂದೆ.